ಹೊಗೆ ಬರೋ ಆ ಎರಡು ಸೆಕೆಂಡು

ನಮ್ಮೂರು ಹಾಲುರಾಮೇಶ್ವರದ ಹತ್ರ, ಹೊಸದುರ್ಗ ತಾಲ್ಲೂಕು. ದೇವಸ್ಥಾನದ ಗಂಗೆ ಕೊಳದ ಬಗ್ಗೆ ನಿಮ್ಮಲ್ಲಿ ಕೆಲವರು ಕೇಳಿರಬಹುದು. ನಮಗೆ ರೈಲು ಸಿಗೋದು ಬೀರೂರು–ಚಿಕ್ಕಜಾಜೂರು ನಡುವಿನ ಹೊಸದುರ್ಗ ರೋಡ್ ಸ್ಟೇಷನ್ನಲ್ಲಿ. ಹೆಸರಲ್ಲಿ ‘ರೋಡ್’ ಇದೆ ಅಂದ್ರೆ ಸ್ಟೇಷನ್ನು ಊರಿಂದ ದೂರ ಅಂತಲೇ ಅರ್ಥ ಮಾಡ್ಕೊಳ್ಳಿ!

ಪಿಯುಸಿ ರಜೆಯಲ್ಲಿ ಒಂದು ಸಂಜೆ ಅಲ್ಲಿ ಅಪ್ಪನ ಫೋನಿಂದ ಒಂದು ಫೋಟೋ ತೆಗೆದಿದ್ದೆ. ಲೂಪ್ ಲೈನಿಂದ ಹೊರಟ ಗೂಡ್ಸ್ ಗಾಡಿ, ಮುಂದೆ ಹಳೇ ಆಲ್ಕೋ ಡೀಸೆಲ್ ಎಂಜಿನ್, ಮೇಲೆ ಕಪ್ಪು ಹೊಗೆಯ ಗೋಪುರ. ಇವತ್ತಿಗೂ ನನಗೆ ಅದು ಇಷ್ಟದ ಫೋಟೋ. ಆದ್ರೆ ಅದರಲ್ಲಿ ಎಂಜಿನ್ ನಂಬರ್ ಓದೋಕಾಗಲ್ಲ. ಹೆಡ್‌ಲೈಟ್ ಬೆಳಕಿಗೆ ಮುಂದಿನ ನಂಬರ್ ಬೆಳ್ಳಗಾಗಿದೆ, ಪಕ್ಕದ ನಂಬರ್ ಅಲುಗಿ ಗೆರೆಯಾಗಿದೆ. ಅದು ಯಾವ ಎಂಜಿನ್, ಯಾವ ಶೆಡ್ಡಿನದು, ಈಗ ಇದೆಯೋ ಗುಜರಿಗೆ ಹೋಯ್ತೋ, ಒಂದೂ ಗೊತ್ತಿಲ್ಲ. ನೀವು ಆ ತಪ್ಪು ಮಾಡಬಾರದು ಅಂತ ಈ ಲೇಖನ.

ಆಲ್ಕೋ ಅಂದ್ರೆ ಯಾವುದು?

ಆಲ್ಕೋ ಅನ್ನೋದು ಅಮೆರಿಕನ್ ಲೋಕೋಮೋಟಿವ್ ಕಂಪನಿಯ ಚಿಕ್ಕ ಹೆಸರು. ಅವರ ವಿನ್ಯಾಸದ ಡಬ್ಲ್ಯುಡಿಎಂ-2 ಎಂಜಿನ್‌ಗಳು 1962ರಿಂದ ನಮ್ಮ ದೇಶಕ್ಕೆ ಬಂದವು. 1964ರಲ್ಲಿ ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್‌ನಿಂದ ಮೊದಲನೇದು ಹೊರಬಂತು. ಆಮೇಲೆ ಎರಡೂವರೆ ಸಾವಿರಕ್ಕೂ ಹೆಚ್ಚು ತಯಾರಾದವು. ಹೆಸರು ಬಿಡಿಸೋದು ಸುಲಭ: ಡಬ್ಲ್ಯು ಅಂದ್ರೆ ಬ್ರಾಡ್ ಗೇಜ್, ಡಿ ಅಂದ್ರೆ ಡೀಸೆಲ್, ಎಂ ಅಂದ್ರೆ ಗೂಡ್ಸು-ಪ್ಯಾಸೆಂಜರ್ ಎರಡಕ್ಕೂ ಆಗುವಂಥದ್ದು, 2 ಅಂದ್ರೆ ಎರಡನೇ ಮಾದರಿ. 16 ಸಿಲಿಂಡರ್, 2600 ಹಾರ್ಸ್‌ಪವರ್. ಇದರ ತಮ್ಮ ಡಬ್ಲ್ಯುಡಿಎಂ-3ಎ 3100 ಹಾರ್ಸ್‌ಪವರ್‌ನದು.

ನಮ್ಮ ಲೈನ್ 1990ರ ದಶಕದಲ್ಲಿ ಬ್ರಾಡ್ ಗೇಜ್ ಆಗೋಕೆ ಮುಂಚೆ ಮೀಟರ್ ಗೇಜ್ ಇತ್ತು. ನಮ್ಮಜ್ಜ ತಿಪಟೂರಿನ ಕೊಬ್ಬರಿ ಮಾರ್ಕೆಟ್ಟಿಗೆ ಆ ಚಿಕ್ಕ ಗಾಡಿಯಲ್ಲೇ ಹೋಗ್ತಿದ್ದರಂತೆ. ಅದರ ಒಂದು ಫೋಟೋನೂ ನಮ್ಮನೇಲಿಲ್ಲ. ದಿನಾ ಕಣ್ಣಿಗೆ ಬೀಳೋದನ್ನ ಯಾರು ಫೋಟೋ ತೆಗೀತಾರೆ ಹೇಳಿ?

ಹೊಗೆ ಯಾಕೆ ಬರುತ್ತೆ?

ಮೆಕ್ಯಾನಿಕಲ್‌ನವರಿಗೆ ಇದು ಗೊತ್ತಿರುತ್ತೆ, ಉಳಿದವರಿಗೆ ಹೇಳ್ತೀನಿ. ಆಲ್ಕೋದಲ್ಲಿ ಟರ್ಬೋಚಾರ್ಜರ್ ತಿರುಗೋದು ಎಕ್ಸಾಸ್ಟ್ ಗ್ಯಾಸಿನ ಬಲದಿಂದ. ಲೋಕೋ ಪೈಲಟ್ ಥ್ರಾಟಲ್ಲನ್ನು ಒಂದೊಂದೇ ನಾಚ್ ಏರಿಸ್ತಾರೆ, ಒಟ್ಟು 8 ನಾಚ್. ಏರಿಸಿದ ಕೂಡ್ಲೇ ಡೀಸೆಲ್ ಜಾಸ್ತಿ ಹೋಗುತ್ತೆ, ಆದ್ರೆ ಟರ್ಬೋ ವೇಗ ಹಿಡಿಯೋಕೆ ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ಎಣ್ಣೆ ಹೆಚ್ಚು, ಗಾಳಿ ಕಮ್ಮಿ. ಪೂರ್ತಿ ಉರಿಯದ ಇಂಗಾಲ ಕಪ್ಪು ಹೊಗೆಯಾಗಿ ಬರುತ್ತೆ. ಟರ್ಬೋ ಸರಿಹೋದ ಮೇಲೆ ಹೊಗೆ ತೆಳುವಾಗುತ್ತೆ.

1999ರಿಂದ ಬಂದ ಜನರಲ್ ಮೋಟರ್ಸ್ ವಿನ್ಯಾಸದ ಡಬ್ಲ್ಯುಡಿಜಿ-4 ಎಂಜಿನ್‌ಗಳಲ್ಲಿ ಹೀಗಾಗೋದು ಕಡಿಮೆ. ಹುಬ್ಬಳ್ಳಿ ಶೆಡ್ ಹೆಸರಾಗಿದ್ದೇ ಇವುಗಳಿಂದ. ಅವು ಟೂ-ಸ್ಟ್ರೋಕ್. ಕಡಿಮೆ ಲೋಡಿನಲ್ಲಿ ಟರ್ಬೋವನ್ನ ಎಂಜಿನ್ನೇ ಗೇರ್ ಮೂಲಕ ತಿರುಗಿಸುತ್ತೆ, ಆದ್ದರಿಂದ ಗಾಳಿಗೆ ಕಾಯಬೇಕಿಲ್ಲ.

ಇದರಿಂದ ಫೋಟೋದವರಿಗೆ ಏನು ಉಪಯೋಗ? ಹೊಗೆ ಎಲ್ಲಿ ಬರುತ್ತೆ ಅಂತ ಮೊದಲೇ ಲೆಕ್ಕ ಹಾಕಬಹುದು. ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡೋಕೆ ಗೂಡ್ಸ್ ಗಾಡಿಯನ್ನ ಲೂಪಲ್ಲಿ ನಿಲ್ಲಿಸಿರ್ತಾರೆ. ಸಿಗ್ನಲ್ ಬಿದ್ದು ಹೊರಡುವಾಗ ಒಂದೊಂದು ನಾಚಿಗೆ ಒಂದೊಂದು ಸಲ ಹೊಗೆ. ನೂರು ಕಿಲೋಮೀಟರ್ ವೇಗದಲ್ಲಿ ಸ್ಟೇಷನ್ ದಾಟಿ ಹೋಗೋ ಗಾಡೀಲಿ ಇದು ಸಿಗೋದು ಅಪರೂಪ. ಕಿವಿಗೂ ಕೆಲಸ ಕೊಡಿ. ಎಂಜಿನ್ ಸದ್ದು ಬದಲಾಯ್ತು ಅಂದ್ರೆ ಬೆರಳು ಬಟನ್ ಮೇಲೆ ಇರಬೇಕು.

ನಂಬರ್ ಅಲುಗದ ಹಾಗೆ

ಈಗ ಸ್ವಲ್ಪ ಲೆಕ್ಕ. ಗಂಟೆಗೆ 100 ಕಿ.ಮೀ. ಅಂದ್ರೆ ಸೆಕೆಂಡಿಗೆ ಸುಮಾರು 28 ಮೀಟರ್. ಶಟರ್ 1/1000 ಸೆಕೆಂಡ್ ಇಟ್ರೂ ಅಷ್ಟರಲ್ಲಿ ಗಾಡಿ 2.8 ಸೆಂ.ಮೀ. ಮುಂದೆ ಹೋಗಿರುತ್ತೆ. ಡಬ್ಲ್ಯುಡಿಎಂ-2 ಉದ್ದ ಸುಮಾರು 17 ಮೀಟರ್. 6000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಅದು ಪೂರ್ತಿ ತುಂಬಿದ್ರೆ ಒಂದು ಪಿಕ್ಸೆಲ್ಲಿಗೆ ಹತ್ರಹತ್ರ 3 ಮಿ.ಮೀ. ಅಂದ್ರೆ ಪಕ್ಕದಿಂದ ತೆಗೆದ್ರೆ ಸುಮಾರು 10 ಪಿಕ್ಸೆಲ್ ಅಲುಗಾಟ. ಮುಂದಿನಿಂದ ಓರೆಯಾಗಿ, ಹಳಿಗೆ 20 ಡಿಗ್ರಿ ಕೋನದಲ್ಲಿ, ಅಷ್ಟೇ ದೂರದಿಂದ ತೆಗೆದ್ರೆ ಅಡ್ಡ ಚಲನೆ ಸೈನ್ 20 ಪಟ್ಟು, ಸುಮಾರು ಮೂರರಲ್ಲಿ ಒಂದು ಭಾಗ. ಹಳೇ ರೈಲ್ವೆ ಫೋಟೋಗ್ರಾಫರ್‌ಗಳು ಓರೆ ಕೋನ ಇಷ್ಟಪಡೋಕೆ ಇದೂ ಒಂದು ಕಾರಣ. ಎಂಜಿನ್ನಿನ ಮುಖ, ಪಕ್ಕ ಎರಡೂ ಸಿಗುತ್ತೆ ಅನ್ನೋದು ಇನ್ನೊಂದು.

ಫೋನ್ ಇದ್ರೆ ಹೀಗೆ ಮಾಡಿ: ಬಿಸಿಲು ನಿಮ್ಮ ಬೆನ್ನಿಗಿರಲಿ, ಎಕ್ಸ್‌ಪೋಷರ್ ಲಾಕ್ ಮಾಡಿ ಸ್ವಲ್ಪ ಇಳಿಸಿ, ಬರ್ಸ್ಟ್ ಮೋಡ್ ಹಾಕಿ. ಕಪ್ಪು ಎಂಜಿನ್ನು, ಕಪ್ಪು ಹೊಗೆ ನೋಡಿ ಕ್ಯಾಮೆರಾ ತಾನೇ ಬೆಳಕು ಜಾಸ್ತಿ ಮಾಡುತ್ತೆ, ಆಗ ಹೆಡ್‌ಲೈಟ್ ಪಕ್ಕದ ನಂಬರ್ ಮಾಯ. ನನ್ನ ಫೋಟೋ ಹಾಳಾಗಿದ್ದು ಹೀಗೇ. ಫೋಟೋ ಆದ ಮೇಲೆ ನಂಬರ್, ಶೆಡ್ ಹೆಸರು, ಸ್ಟೇಷನ್, ತಾರೀಖು ಬರೆದಿಡಿ. ಕೆಜೆಎಂ ಅಂದ್ರೆ ಕೃಷ್ಣರಾಜಪುರಂ, ಯುಬಿಎಲ್ ಅಂದ್ರೆ ಹುಬ್ಬಳ್ಳಿ, ಜಿವೈ ಅಂದ್ರೆ ಗುತ್ತಿ.

ನಿಲ್ಲೋದು ಎಲ್ಲಿ?

ಪ್ಲಾಟ್‌ಫಾರಂ ಮೇಲೆ, ಹಳದಿ ಗೆರೆಯ ಹಿಂದೆ. ಟಿಕೆಟ್ ತಗೊಳ್ಳಿ, ಸ್ಟೇಷನ್ ಮಾಸ್ಟರ್‌ಗೆ ಒಂದು ಮಾತು ಹೇಳಿ. ಹಳಿಗೆ ಇಳಿಯೋದು ರೈಲ್ವೆ ಕಾಯ್ದೆಯ ಸೆಕ್ಷನ್ 147ರ ಪ್ರಕಾರ ಅಪರಾಧ. ಈಗ ತಲೆ ಮೇಲೆ 25,000 ವೋಲ್ಟಿನ ತಂತಿ ಬೇರೆ ಇದೆ. ಅದನ್ನ ಮುಟ್ಟಬೇಕು ಅಂತಿಲ್ಲ, ಹತ್ರ ಹೋದ್ರೇ ಕರೆಂಟ್ ಹಾರುತ್ತೆ. ಸೆಲ್ಫಿ ಸ್ಟಿಕ್ ಮನೇಲೇ ಬಿಟ್ಟು ಬನ್ನಿ. ಯಾವ ಹೊಗೆಯ ಫೋಟೋನೂ ನಿಮ್ಮ ಜೀವಕ್ಕಿಂತ ದೊಡ್ಡದಲ್ಲ.

ಆ ತಂತಿ ಬಂದಿದ್ದರಿಂದಲೇ ಆಲ್ಕೋಗಳು ಹೋಗ್ತಿವೆ. 2023ರ ಜೂನ್ 27ರಂದು ಧಾರವಾಡ–ಬೆಂಗಳೂರು ವಂದೇ ಭಾರತ್ ಇದೇ ಲೈನಲ್ಲಿ ವಿದ್ಯುತ್ತಿನಿಂದ ಓಡೋಕೆ ಶುರುವಾಯ್ತು. ಹೊಗೆ ಕಮ್ಮಿಯಾಗಿದ್ದು ಒಳ್ಳೇದೇ, ಅದಕ್ಕೆ ನಾನು ಅಳಲ್ಲ. ಅರವತ್ತು ವರ್ಷ ನಮ್ಮ ಕೊಬ್ಬರಿ, ಅದಿರು, ಅಜ್ಜ-ಅಜ್ಜಿಯರನ್ನ ಎಳೆದ ಯಂತ್ರಗಳಿಗೆ ಒಂದು ದಾಖಲೆ ಇರಲಿ ಅಂತಷ್ಟೇ ಆಸೆ.

ಮುಂದಿನ ರಜೆಗೆ ಊರಿಗೆ ಹೋದಾಗ ನಿಮ್ಮ ಸ್ಟೇಷನ್ನಲ್ಲಿ ಅರ್ಧ ಗಂಟೆ ಕೂತು ನೋಡಿ. ಹಳೇ ಎಂಜಿನ್ ಕಂಡ್ರೆ ಮೊದಲು ನಂಬರ್ ಬರ್ಕೊಳ್ಳಿ. ಹೊಗೆ ಆಮೇಲೆ.