ಸೇಫ್ಟಿ ಬಿಗಿಯಾದಾಗ, ಸೇಫ್ಟಿ ಸಡಿಲವಾದಾಗ

ಬಂಡೀಪುರದ ಕಳ್ಳಬೇಟೆ ತಡೆ ಶಿಬಿರದಿಂದ ಬೆಳಗಿನ ಗಸ್ತು ಹೊರಟಿದೆ ಎನ್ನಿ. ಮುಂದೆ ಬಂದೂಕು ಹೆಗಲಿಗೇರಿಸಿದ ಗಾರ್ಡ್, ಹಿಂದೆ ಇಬ್ಬರು ವಾಚರ್‌ಗಳು. ದಾರಿಯ ಎರಡೂ ಬದಿ ಎದೆಮಟ್ಟ ಬೆಳೆದ ಲಂಟಾನ. ಅದರೊಳಗೆ ನುಗ್ಗುವಾಗ ಒಂದು ಕಡ್ಡಿ ತಗುಲಿದರೂ ಸಾಕು, ಸಡಿಲವಾದ ಸೇಫ್ಟಿ ಸದ್ದಿಲ್ಲದೆ ಮುಂದಕ್ಕೆ ಸರಿದುಬಿಡುತ್ತದೆ. ಬಂದೂಕು ಹೊತ್ತವನಿಗೆ ಅದು ತಿಳಿಯುವುದಿಲ್ಲ. ಹಿಂದೆ ಬರುತ್ತಿರುವವರನ್ನು ನೆನೆದೇ ಈ ಅಧ್ಯಾಯ ಬರೆಯುತ್ತಿದ್ದೇನೆ.

ನಮ್ಮ ದೇಶದ ಆರ್ಡ್‌ನೆನ್ಸ್ ಕಾರ್ಖಾನೆಗಳಲ್ಲಿ ತಯಾರಾಗುವ .315 ರೈಫಲ್ ಹಳೆಯ ಲೀ-ಎನ್‌ಫೀಲ್ಡ್ ವಂಶದ್ದು. ಅದರ ಸೇಫ್ಟಿ ಎಡಬದಿಯಲ್ಲಿ, ಬೋಲ್ಟಿನ ಹಿಂತುದಿಯ ಹತ್ತಿರ ಇರುವ ಪುಟ್ಟ ಸನ್ನೆ. ಹಿಂದಕ್ಕೆಳೆದರೆ ಭದ್ರ, ಮುಂದಕ್ಕೆ ತಳ್ಳಿದರೆ ಗುಂಡು ಹಾರಲು ಸಿದ್ಧ. ಸನ್ನೆ ಹಿಂದಕ್ಕೆ ಬಂದಾಗ ಒಳಗಿನ ಲಾಕಿಂಗ್ ಬೋಲ್ಟ್ ಎರಡು ಕೆಲಸ ಮಾಡುತ್ತದೆ: ಬಡಿಮೊಳೆಯ ಹಿಂದಿರುವ ಕಾಕಿಂಗ್ ಪೀಸನ್ನು ಹಿಡಿದು ನಿಲ್ಲಿಸುತ್ತದೆ, ದೊಡ್ಡ ಬೋಲ್ಟು ತಿರುಗದಂತೆ ತಡೆಯುತ್ತದೆ. ಇವೆಲ್ಲವನ್ನೂ ಜಾಗದಲ್ಲಿ ಒತ್ತಿ ಹಿಡಿಯುವುದು ಹೊರಗಿನ ಒಂದು ತೆಳುವಾದ ಪಟ್ಟಿ ಸ್ಪ್ರಿಂಗು, ಅದಕ್ಕೊಂದು ಸ್ಕ್ರೂ.

ಸೇಫ್ಟಿಯ ಪರೀಕ್ಷೆಗೆ ಕೂರುವ ಮೊದಲು ಮ್ಯಾಗಜೀನ್ ಕಳಚಬೇಕು, ಬೋಲ್ಟ್ ತೆರೆಯಬೇಕು, ಚೇಂಬರಿನೊಳಗೆ ಕಣ್ಣಿಟ್ಟು ನೋಡಬೇಕು, ಕಿರುಬೆರಳು ಹಾಕಿ ಮುಟ್ಟಿಯೂ ನೋಡಬೇಕು. ತೋಟಾಗಳು ಆ ಕೋಣೆಯಲ್ಲೇ ಇರಬಾರದು. ನಳಿಗೆಯ ಮುಂದೆ ಯಾರೂ ಕೂರಬಾರದು.

ಬಿಗಿಯಾದ ಸೇಫ್ಟಿಗೆ ಹೆಚ್ಚಿನ ಸಲ ಕಾರಣ ಕೊಳೆ. ಬೇಸಿಗೆಯ ಕೆಂಪು ದೂಳು ಹಳೆಯ ಎಣ್ಣೆಯೊಂದಿಗೆ ಸೇರಿ ಅಂಟಾಗುತ್ತದೆ. ಮಳೆಗಾಲದಲ್ಲಿ, ಗೋಪಾಲಸ್ವಾಮಿ ಬೆಟ್ಟದ ಮಂಜಿನಲ್ಲಿ ತಿರುಗಿ ಬಂದ ಬಂದೂಕನ್ನು ಒರೆಸದೆ ಮೂಲೆಗಿಟ್ಟರೆ ತುಕ್ಕು ಹಿಡಿಯುತ್ತದೆ. ಇನ್ನೊಂದು ಕಾರಣ ಅಡುಗೆಮನೆಯದು. ಕೈಗೆ ಸಿಕ್ಕಿತೆಂದು ಕೊಬ್ಬರಿ ಎಣ್ಣೆ ಹಾಕುವುದುಂಟು. ಸುಮಾರು 24 ಡಿಗ್ರಿಗಿಂತ ತಂಪಾದರೆ ಅದು ಬಾಟಲಿಯಲ್ಲಿ ಹೇಗೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ, ನೋಡಿದ್ದೀರಲ್ಲ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಸೇಫ್ಟಿಯ ಸಂದಿನಲ್ಲೂ ಅದೇ ಆಗುತ್ತದೆ. ಬಟ್ಟೆಗೆ ತುಸು ಸೀಮೆಎಣ್ಣೆ ಹಚ್ಚಿ ಹಳೆಯ ಅಂಟನ್ನು ತೆಗೆದು, ಪೂರ್ತಿ ಒಣಗಿಸಿ, ಗನ್ ಆಯಿಲ್ ಅಥವಾ ಹೊಲಿಗೆ ಯಂತ್ರದ ತೆಳು ಎಣ್ಣೆಯನ್ನು ಒಂದೇ ಹನಿ ಬಿಡಿ. ಹೆಚ್ಚು ಸುರಿದರೆ ದೂಳಿಗೆ ಮತ್ತೆ ಆಹ್ವಾನ. ಇಷ್ಟಾದ ಮೇಲೂ ಬಿಗಿಯಿದ್ದರೆ ಇಕ್ಕಳ ಹಿಡಿಯಬೇಡಿ. ಯಾರೋ ಹಿಂದೆ ಬಿಚ್ಚಿ ಜೋಡಿಸುವಾಗ ಎಡವಿರಬಹುದು. ಸನ್ನೆಯೂ ಲಾಕಿಂಗ್ ಬೋಲ್ಟೂ ಹಲವು ಎಳೆಗಳ ತಿರುಪಿನಿಂದ ಕೂಡಿಕೊಳ್ಳುತ್ತವೆ. ಒಂದು ಎಳೆ ಆಚೀಚೆಯಾದರೂ ಸೇಫ್ಟಿ ಸರಿಯಾಗಿ ಕೂರುವುದಿಲ್ಲ.

ಬಿಗಿಯಾದದ್ದನ್ನು ಬೆರಳೇ ಹೇಳಿಬಿಡುತ್ತದೆ. ಸಡಿಲವಾದದ್ದು ಹಾಗಲ್ಲ, ಬಳಸಲು ಹಾಯಾಗಿರುತ್ತದೆ. ನನಗೆ ಹೆಚ್ಚು ಭಯ ಅದರದ್ದೇ. ಸ್ಕ್ರೂ ಸಡಿಲವಾಗಿರಬಹುದು, ಪಟ್ಟಿ ಸ್ಪ್ರಿಂಗಿನ ಬಿಗುವು ಹೋಗಿರಬಹುದು, ಅಥವಾ ಒಳಗಿನ ಲೋಹವೇ ಸವೆದಿರಬಹುದು. ಸ್ಪ್ರಿಂಗನ್ನು ಬಗ್ಗಿಸಿ ಬಿಗಿ ಮಾಡಿದರೆ ನಾಲ್ಕು ದಿನ ನಿಂತೀತು, ಆಮೇಲೆ ಮುರಿದೀತು. ಹೊಸದನ್ನೇ ಹಾಕಿಸಬೇಕು.

ಸೇಫ್ಟಿ ನಂಬಿಕೆಗೆ ಅರ್ಹವೇ ಎಂದು ನೋಡುವ ಬಗೆ ಹೀಗೆ. ಖಾಲಿ ರೈಫಲ್ಲಿನ ಬೋಲ್ಟ್ ಎಳೆದು ಮುಚ್ಚಿ, ಸೇಫ್ಟಿ ಹಾಕಿ. ಆ ಗಳಿಗೆಯಲ್ಲಿ ಕಾಕಿಂಗ್ ಪೀಸ್ ಕೂದಲೆಳೆಯಷ್ಟು ಹಿಂದಕ್ಕೆ ಸರಿಯುವುದನ್ನು ಕಣ್ಣಿಟ್ಟರೆ ಕಾಣಬಹುದು. ಈಗ ಟ್ರಿಗರ್ ಗಟ್ಟಿಯಾಗಿ ಒತ್ತಿ, ಏನೂ ಕದಲಬಾರದು. ಬೆರಳು ತೆಗೆದು, ಸೇಫ್ಟಿಯನ್ನು ಮುಂದಕ್ಕೆ ತಳ್ಳಿ. ಆಗಲೂ ಏನೂ ಬೀಳಬಾರದು. ಟ್ರಿಗರ್ ಮುಟ್ಟದೆ 'ಟಕ್' ಎಂದರೆ ಆ ರೈಫಲ್ ಅವತ್ತಿಗೆ ಕಾಡಿಗೆ ಹೋಗಕೂಡದು. ಅದು ಆರ್ಮರರ್ ಕೈಗೆ ಹೋಗಬೇಕು. ಖಾಸಗಿಯದಾದರೆ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಬಳಿಗೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಲ್ಲಿ ರಿಪೇರಿ ಕಸುಬಿಗೂ ಲೈಸೆನ್ಸ್ ಬೇಕೆಂದಿದೆ. ಊರಿನ ಕುಲುಮೆ ಅದಕ್ಕೆ ಜಾಗವಲ್ಲ.

ಇದುವರೆಗೆ ಹೇಳಿದ್ದು ರೈಫಲ್ಲಿನ ಮಾತು. ಜೋಡುನಳಿಗೆ ಬಂದೂಕಿನ ಮೇಲುಗಡೆ ಹೆಬ್ಬೆರಳಿಗೆ ಸಿಗುವ ಜಾರುಸೇಫ್ಟಿ ಸಾಮಾನ್ಯವಾಗಿ ಟ್ರಿಗರನ್ನಷ್ಟೇ ತಡೆಯುತ್ತದೆ. ಬಂದೂಕು ಕೆಳಗೆ ಬಿದ್ದರೆ ಒಳಗಿನ ಹ್ಯಾಮರ್ ಜಾರುವ ಅಪಾಯ ಉಳಿದೇ ಇರುತ್ತದೆ. ಆದ್ದರಿಂದ ಬೇಲಿ ದಾಟುವಾಗ, ಆನೆಕಂದಕ ಇಳಿಯುವಾಗ ತೋಟಾ ಹೊರಗಿರಬೇಕು.

ಹಂಗಳ, ಕುಂದಕೆರೆಯಂಥ ಕಾಡಂಚಿನ ಊರುಗಳ ರೈತರಿಗೂ ಎರಡು ಮಾತು. ಬೆಳೆ ಕಾಯಲು ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡುವ ಅವಕಾಶ ಅದೇ ಕಾಯ್ದೆಯಲ್ಲಿದೆ. ಅದು ಬೇಟೆಯ ಪರವಾನಗಿಯಲ್ಲ. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಇರುವ ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲೂ ಹೆಸರು ನೋಂದಾಯಿಸಬೇಕೆಂದು 1972ರ ವನ್ಯಜೀವಿ ಕಾಯ್ದೆಯ 34ನೇ ಕಲಮು ಹೇಳುತ್ತದೆ. ಇಂಥ ಕೋವಿಗೆ ಬೇರೆ ಸೇಫ್ಟಿ ಇರುವುದಿಲ್ಲ. ಕೇಪಿಗೆ ಬಡಿಯುವ ಕುದುರೆಯನ್ನು ಅರ್ಧಕ್ಕೆ ನಿಲ್ಲಿಸುವ ಕಚ್ಚೇ ಎಲ್ಲ. ಅದು ಸವೆದಿದೆಯೇ ಎಂದು ಹೊರಗಿನಿಂದ ಕಾಣುವುದಿಲ್ಲ. ಆದ್ದರಿಂದ ಅಟ್ಟಣೆ ಹತ್ತುವಾಗಲೂ ಇಳಿಯುವಾಗಲೂ ಕೇಪನ್ನು ತೆಗೆದು ಜೇಬಿಗೆ ಹಾಕಿಕೊಳ್ಳಿ.