ಮರಳು ಸೋಸಿದ ನೀರಿಗೊಂದು ಲೆಕ್ಕ

೧೮೯೨ರ ಆಗಸ್ಟ್ ತಿಂಗಳಿನಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರವನ್ನು ಕಾಲರಾ ಮಾರಿ ಹೊಕ್ಕಿತು. ಎರಡು ಮೂರು ತಿಂಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನ ಮಡಿದರು. ಎಲ್ಬೆ ನದಿಯ ನೀರನ್ನು ಆ ನಗರ ಸೋಸದೆಯೇ ಕುಡಿಯುತ್ತಿದ್ದಿತು. ನೆರೆಯ ಆಲ್ಟೋನಾದ ಪಾಡು ಇನ್ನೂ ಕೆಡಬೇಕಾಗಿದ್ದಿತು. ಹ್ಯಾಂಬರ್ಗಿನ ಕೊಳೆ ಬೆರೆತ ಮೇಲಣ ನೀರೇ ಅದರ ಪಾಲಿಗೆ! ಆದರೆ ಅಲ್ಲಿ ಸತ್ತವರು ಬಲು ಕಡಮೆ. ಮರಳಿನ ಹಾಸುಗಳಲ್ಲಿ ಮೆಲ್ಲನೆ ಇಳಿದ ನೀರು ಆ ಊರನ್ನು ಕಾಪಾಡಿದ್ದಿತು.

೧೮೯೩ರ ಆರಂಭದ ಕಡುಚಳಿಯಲ್ಲಿ ಆಲ್ಟೋನಾದಲ್ಲಿಯೂ ರೋಗ ತಲೆಯೆತ್ತಿತು. ಕಾರಣವನ್ನು ಹೊರಗೆಡಹಿದುದು ರಾಬರ್ಟ್ ಕಾಕ್ ಮಹಾಶಯರ ಜೆಲಾಟಿನ್ ತಟ್ಟೆ. ಅದರಲ್ಲಿ ನೀರನ್ನು ಬೆರೆಸಿಟ್ಟರೆ ಕೆಲವು ದಿನಗಳಲ್ಲಿ ಅಣುಜೀವಿಗಳು ಬೆಳೆದು ಕಣ್ಣಿಗೆ ಕಾಣುವ ಚುಕ್ಕೆಗಳಾಗುತ್ತವೆ, ಎಣಿಸಿದರಾಯಿತು. ರೋಗ ಹರಡುವುದಕ್ಕೆ ಮುಂಚೆಯೇ ಆ ಎಣಿಕೆ ಏರಿದ್ದಿತು. ಹಿಮದ ಹೊಡೆತಕ್ಕೆ ಮರಳುಹಾಸು ಕೆಟ್ಟಿದ್ದಿತು.

ಘನ ಸೆಂಟಿಮೀಟರಿಗೆ ನೂರಕ್ಕಿಂತ ಹೆಚ್ಚು ಅಣುಜೀವಿಗಳಿರುವ ನೀರನ್ನು ಊರಿಗೆ ಬಿಡಬಾರದೆಂದೂ, ಒಂದೊಂದು ಹಾಸಿನ ನೀರನ್ನೂ ದಿನದಿನವೂ ಬೇರೆಯಾಗಿಯೇ ಪರೀಕ್ಷಿಸಬೇಕೆಂದೂ ಕಾಕ್ ವಿಧಿಸಿದರು. ಎಲ್ಲವೂ ಬೆರೆತ ಮೇಲೆ ಕೆಟ್ಟ ಹಾಸನ್ನು ಹುಡುಕುವುದೆಲ್ಲಿ? ತಟ್ಟೆಗೂ ಒಂದು ಕುಂದುಂಟು: ಅದು ಉತ್ತರ ಹೇಳುವ ಹೊತ್ತಿಗೆ ನೀರು ಮನೆಮನೆಯ ಕೊಡ ತುಂಬಿರುತ್ತದೆ. ಇಂದು ನೂರು ಮಿಲಿಲೀಟರ್ ನೀರಿನಲ್ಲಿ ಈ. ಕೊಲೈ ಎಂಬ ಕರುಳಿನ ಅಣುಜೀವಿ ಒಂದೂ ಕಾಣಬಾರದೆಂಬುದು ನಿಯಮ. ಆ ಪರೀಕ್ಷೆಗೂ ಸುಮಾರು ಒಂದು ದಿನ ಕಾಯಬೇಕು.