ಮಂದಶ್ರವಣ ಮತ್ತು ಮನೆಯಿಂದ ಮಾಡುವ ಉದ್ಯೋಗ

ಕಣ್ಣಿನ ಕೊರತೆ ಪರರಿಗೆ ಕೂಡಲೇ ತಿಳಿಯುತ್ತದೆ. ಕಿವಿಯ ಕೊರತೆ ತಿಳಿಯುವುದಿಲ್ಲ. ಆದಕಾರಣ ಅಂಧರಿಗೆ ದೊರೆಯುವ ಕನಿಕರ ಮಂದಶ್ರವಣದವರಿಗೆ ದೊರೆಯದು. ಅವರ ಪಾಲಿಗೆ ಬರುವುದು ಬಹುಮಟ್ಟಿಗೆ ನಗೆ, ಇಲ್ಲವೆ ಸಿಡಿಮಿಡಿ. 'ಕಿವುಡನ ಮುಂದೆ ಶಂಖ ಊದಿದಂತೆ' ಎಂಬ ಗಾದೆಯೇ ಇದಕ್ಕೆ ಸಾಕ್ಷಿ. ಇಂಥ ಕೊರತೆಯಿದ್ದೂ ದುಡಿದು ಬಾಳುವವರಿಗೆ 2020ರಿಂದೀಚೆಗೆ ಒಂದು ಹೊಸ ಪರಿಸ್ಥಿತಿ ಒದಗಿದೆ. ಆ ವರ್ಷದ ಮಾರ್ಚ್ ತಿಂಗಳಲ್ಲಿ ಕೊರೋನಾ ಪಿಡುಗಿನ ನಿಮಿತ್ತ ದೇಶವೆಲ್ಲ ಬಾಗಿಲು ಮುಚ್ಚಿದಾಗ ಕಚೇರಿಯ ಕೆಲಸ ಮನೆಯೊಳಗೆ ಬಂದಿತು. ಪಿಡುಗು ಇಳಿದ ಮೇಲೂ ಅನೇಕ ಸಂಸ್ಥೆಗಳಲ್ಲಿ, ಅದರಲ್ಲೂ ಬೆಂಗಳೂರಿನ ಕಂಪ್ಯೂಟರ್ ಉದ್ಯಮದಲ್ಲಿ, ವಾರದ ಕೆಲವು ದಿನವಾದರೂ ಈ ಪದ್ಧತಿ ಉಳಿದಿದೆ. ಇದು ಕಿವಿ ಮಂದವಾದವರಿಗೆ ವರವೋ ಶಾಪವೋ ಎಂಬುದು ವಿಚಾರಾರ್ಹವಾದ ಸಂಗತಿ.

ಕೇಳಿಸುವುದು ಬೇರೆ, ತಿಳಿಯುವುದು ಬೇರೆ

ಮಂದಶ್ರವಣವೆಂದರೆ ಸದ್ದು ಕಡಿಮೆಯಾಗುವುದು ಮಾತ್ರವೆಂದು ಬಹುಜನರ ಎಣಿಕೆ. ವಾಸ್ತವವಾಗಿ ವಯಸ್ಸಿನಿಂದಲೂ ಯಂತ್ರಗಳ ಗದ್ದಲದಿಂದಲೂ ಬರುವ ದೋಷದಲ್ಲಿ ಮೊದಲು ಕುಂದುವುದು ಕೀಚಲು ನಾದವನ್ನು ಗ್ರಹಿಸುವ ಶಕ್ತಿ. ಮಾತಿನಲ್ಲಿ ಸ್ವರಾಕ್ಷರಗಳು ಗಟ್ಟಿಯಾಗಿರುತ್ತವೆ. ಸಕಾರ, ತಕಾರ ಮೊದಲಾದ ವ್ಯಂಜನಗಳು ಕ್ಷೀಣವಾಗಿಯೂ ಮೇಲಿನ ನಾದದಲ್ಲಿಯೂ ಇರುತ್ತವೆ. ಹೀಗಾಗಿ 'ಕಾಲು', 'ಪಾಲು', 'ಸಾಲು' ಎಂಬ ಮೂರು ಪದಗಳೂ ಒಂದೇ ಆಗಿ ಕೇಳಿಸಬಹುದು. ಕೂಗಿ ಹೇಳಿದರೆ ಸ್ವರದ ಅಬ್ಬರ ಹೆಚ್ಚುವುದೇ ಹೊರತು ವ್ಯಂಜನ ಸ್ಪಷ್ಟವಾಗದು.

ಎದುರಿಗೆ ಕುಳಿತವರ ತುಟಿಯ ಚಲನೆ, ಮುಖಭಾವಗಳಿಂದ ಇವರು ಉಳಿದುದನ್ನು ಊಹಿಸಿಕೊಳ್ಳುವರು. ದೂರವಾಣಿಯಲ್ಲಿ ಆ ಆಸರೆಯಿಲ್ಲ. ಹಳೆಯ ದೂರವಾಣಿಯ ತಂತಿ ಸೆಕೆಂಡಿಗೆ ಸುಮಾರು 300ರಿಂದ 3,400ರವರೆಗಿನ ಕಂಪನಗಳನ್ನಷ್ಟೇ ಸಾಗಿಸುತ್ತಿತ್ತು. ಸಕಾರದ ಸದ್ದಿನ ಬಹುಭಾಗ ಅದಕ್ಕೂ ಮೇಲಿರುವಂಥದು. ಇಂದಿನ ವಿಡಿಯೋ ಸಭೆಗಳಲ್ಲಿ ಧ್ವನಿ ಉತ್ತಮವಾಗಿರಬಹುದು. ಆದರೆ ಕ್ಯಾಮೆರಾ ಮುಚ್ಚಿಕೊಂಡು ಹತ್ತು ಜನ ಮಾತನಾಡಿದರೆ ಯಾರು ಏನೆಂದರೆಂಬುದೇ ತಿಳಿಯದು. ಊಹಿಸಿ ಊಹಿಸಿ ಸಂಜೆಯ ವೇಳೆಗೆ ಮನಸ್ಸು ಬಳಲುತ್ತದೆ.

ಬರಹದ ಆಸರೆ

1876ರಲ್ಲಿ ದೂರವಾಣಿಗೆ ಪೇಟೆಂಟ್ ಪಡೆದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ತಾಯಿಗೂ ಪತ್ನಿಗೂ ಕಿವಿ ಕೇಳಿಸುತ್ತಿರಲಿಲ್ಲ. ಆ ಯಂತ್ರ ಅಂಥವರಿಗೇ ಒದಗಲಿಲ್ಲವೆಂಬುದು ವಿಧಿಯ ವಿಡಂಬನೆ. 1964ರಲ್ಲಿ ಹುಟ್ಟಿನಿಂದ ಕಿವಿ ಕೇಳದಿದ್ದ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವೈಟ್‌ಬ್ರೆಕ್ಟ್, ದೂರವಾಣಿಯ ತಂತಿಯ ಮೂಲಕವೇ ಬೆರಳಚ್ಚಿನ ಅಕ್ಷರಗಳನ್ನು ಕಳುಹಿಸುವ ಸಾಧನವನ್ನು ರೂಪಿಸಿದರು. ಇಂಟರ್ನೆಟ್ಟಿನ ಜನಕರಲ್ಲಿ ಒಬ್ಬರಾದ ವಿಂಟನ್ ಸರ್ಫ್ ಹದಿಹರೆಯದಿಂದಲೇ ಶ್ರವಣಯಂತ್ರ ಧರಿಸಿದವರು. ಗೂಗಲ್ 2019ರಲ್ಲಿ ಹೊರತಂದ, ಆಡಿದ ಮಾತನ್ನು ಮೊಬೈಲಿನಲ್ಲಿ ಅಕ್ಷರವಾಗಿ ತೋರಿಸುವ 'ಲೈವ್ ಟ್ರಾನ್ಸ್‌ಕ್ರೈಬ್' ಎಂಬ ಸಾಧನದ ನಿರ್ಮಾಣದಲ್ಲಿ ದುಡಿದ ಡಿಮಿಟ್ರಿ ಕಾನೆವ್‌ಸ್ಕಿ ಬಾಲ್ಯದಲ್ಲೇ ಶ್ರವಣಶಕ್ತಿಯನ್ನು ಕಳೆದುಕೊಂಡವರು. ಕೊರತೆಯನ್ನು ಅನುಭವಿಸಿದವರೇ ಪರಿಹಾರಕ್ಕೂ ಕೈಹಾಕಿದರೆಂಬುದು ಗಮನಾರ್ಹ.

ಜೂಮ್, ಗೂಗಲ್ ಮೀಟ್ ಮೊದಲಾದವುಗಳಲ್ಲಿಯೂ ಇಂದು ಇಂಥ ಸೌಲಭ್ಯವಿದೆ. ಹೆಸರುಗಳು ಬಂದಾಗ, ಕನ್ನಡ-ಇಂಗ್ಲಿಷ್ ಬೆರೆತಾಗ, ಇಬ್ಬರು ಒಟ್ಟಿಗೆ ಮಾತನಾಡಿದಾಗ ಅದು ಎಡವುವುದುಂಟು. ಆದುದರಿಂದ ಯಂತ್ರದ ಮೇಲೆಯೇ ಭಾರ ಹಾಕಿ ಸಹೋದ್ಯೋಗಿಗಳು ಸುಮ್ಮನಿರುವಂತಿಲ್ಲ.

ಮರೆಮಾಚುವುದರ ಕೇಡು

ಕಚೇರಿಯಲ್ಲಿದ್ದಾಗ ಪಕ್ಕದವರು ತಿರುಗಿ ಹೇಳುತ್ತಿದ್ದರು. ಮನೆಯಲ್ಲಿ ಆ ಪಕ್ಕದವರಿಲ್ಲ. ನಾಚಿಕೆಯಿಂದ ಎಲ್ಲಕ್ಕೂ ತಲೆಯಾಡಿಸುವ ನೌಕರ ಒಂದನ್ನು ಹೇಳಿದರೆ ಇನ್ನೊಂದನ್ನು ಮಾಡುವನು. ಕ್ರಮೇಣ ಅಲಕ್ಷ್ಯಗಾರನೆಂಬ ಅಪವಾದಕ್ಕೆ ಗುರಿಯಾಗಿ ಕೆಲಸವನ್ನೇ ಕಳೆದುಕೊಳ್ಳುವ ಅಪಾಯವುಂಟು. ಕೈಗೂ ಬುದ್ಧಿಗೂ ಕುಂದಿಲ್ಲದವರ ಕಾಯಕ ಹೀಗೆ ಕೈತಪ್ಪುವುದು ಅನ್ಯಾಯ. ಮೇಲಧಿಕಾರಿಗಳಿಗೆ ವಿಷಯವನ್ನು ಮುಚ್ಚುಮರೆಯಿಲ್ಲದೆ ತಿಳಿಸುವುದೇ ಮೊದಲ ಹೆಜ್ಜೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಸರಕಾರಿ ಸಂಸ್ಥೆಗಳು ಇಂಥ ನೌಕರರಿಗೆ ಯುಕ್ತ ಅನುಕೂಲಗಳನ್ನು ಒದಗಿಸಬೇಕೆಂದು ವಿಧಿಸಿದೆ. ಆದರೆ ಆ ಕಾಯಿದೆಯ ಲೆಕ್ಕದಲ್ಲಿ ಮಂದಶ್ರವಣವೆಂದರೆ ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬೆಲ್ ನಷ್ಟ. ಅದಕ್ಕಿಂತ ಕಡಿಮೆ ನಷ್ಟವುಳ್ಳವರಿಗೆ ಸಹೋದ್ಯೋಗಿಗಳ ಸೌಜನ್ಯವೇ ಆಧಾರ.

ಬೇಕಾದುದೇನು? ಸಭೆಯ ವಿಷಯಗಳನ್ನು ಮೊದಲೇ ಬರೆದು ಕಳುಹಿಸುವುದು, ಒಬ್ಬೊಬ್ಬರಾಗಿ ಮಾತನಾಡುವುದು, ಮುಖದ ಮೇಲೆ ಬೆಳಕು ಬೀಳುವಂತೆ ಕುಳಿತು ಕ್ಯಾಮೆರಾ ತೆರೆದಿಡುವುದು, ತೀರ್ಮಾನಗಳನ್ನು ಕೊನೆಗೆ ಬರಹದಲ್ಲಿ ತಿಳಿಸುವುದು. ಇವುಗಳಲ್ಲಿ ಹಣ ಬೇಡುವುದು ಒಂದೂ ಇಲ್ಲ.

ಮನೆಯವರ ಹೊಣೆಯೂ ಕಡಿಮೆಯಲ್ಲ. ಶ್ರವಣಯಂತ್ರವು ಮಾತಿನ ಜೊತೆಗೆ ಕುಕ್ಕರಿನ ಸೀಟಿಯನ್ನೂ ಟಿ.ವಿ.ಯ ಸದ್ದನ್ನೂ ಹಿಗ್ಗಿಸುತ್ತದೆ. ಕೆಲಸದ ಹೊತ್ತಿನಲ್ಲಿ ಅವುಗಳನ್ನು ತಗ್ಗಿಸಬೇಕು. ಹಿಂದಿನಿಂದ ಕೂಗದೆ ಎದುರಿಗೆ ಬಂದು ಮಾತನಾಡಿಸಬೇಕು. ಕರೆದರೆ ಓಗೊಡದ ಮಗನನ್ನೋ ಸೊಸೆಯನ್ನೋ ಬೈಯುವ ಮೊದಲು ಕಿವಿಯ ತಪಾಸಣೆ ಮಾಡಿಸುವುದು ಲೇಸು. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ವ್ಯವಸ್ಥೆಯಿದೆ.

ಬರಹಕ್ಕೆ ಅವಕಾಶವಿದ್ದಲ್ಲಿ ಮನೆಯ ಉದ್ಯೋಗ ಇವರಿಗೆ ವರ. ಬರಿಯ ಮಾತಿನಲ್ಲೇ ನಡೆದರೆ ಶಾಪ. ಅದನ್ನು ವರವಾಗಿಸುವುದು ಬಹುಮಟ್ಟಿಗೆ ಕಿವಿ ಕೇಳುವವರ ಕೈಯಲ್ಲಿದೆ.